'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಯಾಕೆ ತಪ್ಪು? ಹೆಲ್ಪಿಂಗ್ ವರ್ಬ್, ಪರ್ಫೆಕ್ಟ್ ಟೆನ್ಸ್ ಗೊತ್ತಿರೋರು ಬನ್ನಿ

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪೇಪರಿನಲ್ಲಿ ತಪ್ಪು ಹುಡುಕುವ ಪ್ರಶ್ನೆಗಳು ಬರುತ್ತವಲ್ಲ, ಅಲ್ಲಿ ಪ್ರತಿ ಸಲ ಒಂದೇ ಜಾಗದಲ್ಲಿ ಎಡವುತ್ತಾಳೆ. 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ', ಇದು ತಪ್ಪಂತೆ. 'ಹಿ ಈಸ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್', ಇದೂ ತಪ್ಪಂತೆ. ಪುಸ್ತಕದ ಹಿಂದೆ ಸರಿ ಉತ್ತರ ಕೊಟ್ಟಿದ್ದಾರೆ, ಕಾರಣ ಕೊಟ್ಟಿಲ್ಲ.

ಕೋಚಿಂಗಿನಲ್ಲಿ ಹನ್ನೆರಡು ಟೆನ್ಸಿನ ಚಾರ್ಟ್ ಕೊಟ್ಟಿದ್ದಾರೆ. ಅದನ್ನು ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡಿದ್ದಾಳೆ. ಕೇಳಿದರೆ 'ಹ್ಯಾವ್, ಹ್ಯಾಸ್ ಪ್ಲಸ್ ವಿ3' (ವಿ3 ಅಂದರೆ ಕ್ರಿಯಾಪದದ ಮೂರನೇ ರೂಪ, ಸೀ-ಸಾ-ಸೀನ್ ಅನ್ನೋದರಲ್ಲಿ 'ಸೀನ್') ಅಂತ ಪಟಪಟ ಹೇಳುತ್ತಾಳೆ, ಸ್ವಂತವಾಗಿ ಒಂದು ವಾಕ್ಯ ಬರಿ ಅಂದರೆ ಪೆನ್ನು ಕಚ್ಚಿಕೊಂಡು ಕೂರುತ್ತಾಳೆ. ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷ್ ಬರೆಯುವವರಿಗೆ ತಲೆಗೆ ಹೋಗುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ರಾತ್ರಿಪಾಳಿ

ಅದು ತಪ್ಪಾದರೆ ನಮ್ಮ ಆಫೀಸಿನ ಅರ್ಧ ಮೇಲ್‌ಗಳು ತಪ್ಪು ಗುರು. 'ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ ಇಟ್‌ಸೆಲ್ಫ್' ಅಂತ ಬರೆಯದವರನ್ನು ನಾನಿನ್ನೂ ನೋಡಿಲ್ಲ. ಎಲ್ಲರಿಗೂ ಅರ್ಥ ಆಗುತ್ತೆ, ಕೆಲಸ ನಡೆಯುತ್ತೆ. ಆದರೆ ಪರೀಕ್ಷೆ ಅಂದರೆ ಬೇರೆ ಲೆಕ್ಕ, ಒಪ್ಪಿದೆ. ನಾನೂ ಓದುತ್ತೇನೆ, ಮುಂದುವರಿಸಿ.

ಅಡ್ಡಗೆರೆ

ತಂಗಿಗೆ ಮೊದಲು ಆ ಚಾರ್ಟ್ ಸ್ವಲ್ಪ ದಿನ ಮಡಿಸಿಡಲು ಹೇಳಿ. ಪರ್ಫೆಕ್ಟ್ ಟೆನ್ಸ್ ಅನ್ನೋದು ಇಂಗ್ಲಿಷಿನವರದ್ದೇ ಏನೋ ವಿಶೇಷ ಅಂತ ಹೆದರಿಸಿಟ್ಟಿದ್ದಾರೆ. ನಮ್ಮಲ್ಲೂ ಇದೆ, ಬೆಳಿಗ್ಗೆ ಎದ್ದಾಗಿನಿಂದ ಬಳಸುತ್ತೇವೆ. 'ಬಂದೆ' ಬೇರೆ, 'ಬಂದಿದ್ದೇನೆ' ಬೇರೆ, ಅಲ್ವಾ? 'ಬಂದಿದ್ದೇನೆ' ಬಿಡಿಸಿ ನೋಡಿ: ಬಂದು, ಇದ್ದೇನೆ. ಬರುವ ಕೆಲಸ ಮುಗಿಯಿತು, ಬಂದವನು ಈಗ ಇದ್ದಾನೆ. ಕೆಲಸ ಹಿಂದಿನದು, ಅದರ ಫಲ ಈಗಿನದು. ಪರ್ಫೆಕ್ಟ್ ಅಂದರೆ ಇಷ್ಟೇ. ಆ 'ಇದ್ದೇನೆ'ಯೇ ನಮ್ಮ ಹೆಲ್ಪಿಂಗ್ ವರ್ಬ್. ಆ ಕೆಲಸಕ್ಕೆ ಇಂಗ್ಲಿಷಿನವರು 'ಹ್ಯಾವ್' ಇಟ್ಟುಕೊಂಡಿದ್ದಾರೆ.

ಆದರೆ ನಾವು ಮಾತಾಡುವಾಗ ಎರಡನ್ನೂ ಕಲಸಿಬಿಡುತ್ತೇವೆ. 'ಊಟ ಆಯ್ತಾ?' ಅಂತ ಕೇಳುತ್ತೇವೆ. ರೂಪ ನೋಡಿದರೆ ಬರೀ ಭೂತಕಾಲ. ಆದರೆ ಕೇಳುತ್ತಿರುವುದು ಈಗಿನ ಸ್ಥಿತಿ, ಹೊಟ್ಟೆ ತುಂಬಿದೆಯಾ ಅಂತ. ಅದಕ್ಕೇ ಇಂಗ್ಲಿಷಿನಲ್ಲಿ ಅದು 'ಹ್ಯಾವ್ ಯು ಹ್ಯಾಡ್ ಯುವರ್ ಲಂಚ್' ಆಗುತ್ತದೆ. ಹಾಗಾಗಿ 'ಹೌದು' ಅನ್ನುವ ವಾಕ್ಯ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. 'ಇಲ್ಲ' ಅನ್ನುವ ವಾಕ್ಯ ಮಾಡಿ ನೋಡಿ. ಅಲ್ಲಿ ಕನ್ನಡ ಬಹಳ ಚೊಕ್ಕ.

ನೋಡಿಲ್ಲ: ಹ್ಯಾವಂಟ್ ಸೀನ್.
ನೋಡಲಿಲ್ಲ: ಡಿಡಂಟ್ ಸೀ.

'ನಾನು ಹಂಪಿ ನೋಡಿಲ್ಲ.' ಇನ್ನೂ ನೋಡಬಹುದು, ಬಾಗಿಲು ತೆರೆದೇ ಇದೆ. 'ಹೋದ ವರ್ಷ ಹೊಸಪೇಟೆಗೆ ಹೋಗಿದ್ದರೂ ಹಂಪಿ ನೋಡಲಿಲ್ಲ.' ಅದು ಮುಗಿದ ಕಥೆ. ತಂಗಿಗೆ ಒಂದು ವಾಕ್ಯ ಸಿಕ್ಕಾಗ ಮನಸ್ಸಿನಲ್ಲಿ ಅದನ್ನು 'ಇಲ್ಲ'ಕ್ಕೆ ತಿರುಗಿಸಲು ಹೇಳಿ. ಬಾಯಿಗೆ 'ಡಿಲ್ಲ' ಬಂದರೆ ಹ್ಯಾವ್, 'ಲಿಲ್ಲ' ಬಂದರೆ ಡಿಡ್. 'ನಿನ್ನೆ ನಾನು ಅವನನ್ನು ನೋಡಲಿಲ್ಲ' ಅಂತ ತಾನೇ ಬರುವುದು? ಹಾಗಾದರೆ 'ಐ ಸಾ ಹಿಮ್ ಯೆಸ್ಟರ್‌ಡೇ'. ಹ್ಯಾವ್‌ಗೆ ಅಲ್ಲಿ ಜಾಗ ಇಲ್ಲ.

ಗಿರಮಿಟ್

ಎಲ್ಲಾ ಕಡೆ ಹಿಂಗ ನಡ್ಯಂಗಿಲ್ಲರೀ. ನಮ್ಮ ಮನಿಯೊಳಗ 'ನಿನ್ನೆ ಯಾಕ ಬಂದಿಲ್ಲ?' ಅಂತನೂ ಕೇಳ್ತಾರ, 'ಬರಲಿಲ್ಲ' ಅಂತನೂ ಅಂತಾರ. ನಿಮ್ಮ ಪರೀಕ್ಷೆ ಮೈಸೂರು ಕಡೆಯವರಿಗೆ ಪಾಸು, ನಮಗ ಫೇಲು.

ಕಡಲ ತಡಿ

ನಮ್ಮ ಮಂಗಳೂರು ಕಡೆ ಇದು ತಿರುಗಾಮುರುಗಾ ಮಾರಾಯ್ರೇ. 'ಬಸ್ಸು ಇನ್ನೂ ಬರ್ಲಿಲ್ಲ' ಅಂತಲೇ ಹೇಳುವುದು. 'ಇನ್ನೂ' ಇದ್ದರೂ 'ಲಿಲ್ಲ'. ಅಡ್ಡಗೆರೆ ಹೇಳಿದ ಹಾಗೆ ಮಾಡಿದರೆ ನಮ್ಮ ಮಕ್ಕಳು 'ದ ಬಸ್ ಡಿಡಂಟ್ ಕಮ್ ಯೆಟ್' ಅಂತ ಬರೆದು ಬರುತ್ತಾರೆ, ಈಗಲೂ ಬರೆಯುತ್ತಾರೆ.

ಆದರೆ ತುಳು ಬರುವವರಿಗೆ ಒಂದು ಸುಲಭ ಉಂಟು. ತುಳುವಿನಲ್ಲಿ ಇದಕ್ಕೆ ಬೇರೆ ಬೇರೆ ರೂಪವೇ ಉಂಟು. 'ಆರ್ ಬತ್ತೆರ್' ಅಂದರೆ ಅವರು ಬಂದರು. 'ಆರ್ ಬೈದೆರ್' ಅಂದರೆ ಅವರು ಬಂದಿದ್ದಾರೆ. 'ಪೋಯೆರ್' ಹೋದರು, 'ಪೋತೆರ್' ಹೋಗಿದ್ದಾರೆ. ಚಿಕ್ಕ ಮಗುವೂ ಇದನ್ನು ತಪ್ಪುವುದಿಲ್ಲ. ನಾನು ಟ್ಯೂಷನ್‌ಗೆ ಬರುವ ಮಕ್ಕಳಿಗೆ ಮೊದಲು ತುಳುವಿನಲ್ಲಿ ಹೇಳಿಸುತ್ತೇನೆ, ಆಮೇಲೆ ಇಂಗ್ಲಿಷ್.

ಅಡ್ಡಗೆರೆ

@ಗಿರಮಿಟ್, @ಕಡಲ ತಡಿ, ಒಪ್ಪಿದೆ. ಎಲ್ಲಾ ಕಡೆಗೂ ಒಂದೇ ಕೀಲಿ ಆಗೋದಿಲ್ಲ. ತುಳುವಿನ ವಿಷಯ ಅದ್ಭುತ. ಇಷ್ಟು ಹೇಳಬಹುದು: ಮನೆಮಾತಿನಲ್ಲಿ ಆ ವ್ಯತ್ಯಾಸ ಎಲ್ಲಿ ಗಟ್ಟಿಯಾಗಿ ಕಾಣುತ್ತದೋ ಅಲ್ಲಿಂದ ಹಿಡಿಯಿರಿ.

ಎರಡನೆಯದು, ಇಂಗ್ಲಿಷ್ ಎಲ್ಲಿ ನಮ್ಮಿಂದ ಬೇರೆ ಆಗುತ್ತದೆ ಅನ್ನೋದು. ನಾವು 'ನಿನ್ನೆಯೇ ಹೇಳಿದ್ದೇನೆ' ಅನ್ನುತ್ತೇವೆ. ಕನ್ನಡದಲ್ಲಿ ನೂರಕ್ಕೆ ನೂರು ಸರಿ. ನಮ್ಮ 'ಇದ್ದೇನೆ'ಗೆ ನಿನ್ನೆ ಬಂದರೂ ತೊಂದರೆ ಇಲ್ಲ, ಹೋದ ವರ್ಷ ಬಂದರೂ ತೊಂದರೆ ಇಲ್ಲ. ಇಂಗ್ಲಿಷಿನ 'ಹ್ಯಾವ್'ಗೆ ಮಾತ್ರ ಮುಗಿದುಹೋದ ಸಮಯ ಕಂಡರೆ ಆಗೋದಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019, ಟೂ ಡೇಸ್ ಅಗೋ, ಇವುಗಳಲ್ಲಿ ಯಾವುದೇ ಬಂದರೂ ಹ್ಯಾವ್ ತೆಗೆದುಹಾಕಿ. ಟುಡೇ, ದಿಸ್ ಇಯರ್, ಸೋ ಫಾರ್, ಎವರ್, ನೆವರ್, ಯೆಟ್, ಇವೆಲ್ಲ ಇನ್ನೂ ಮುಗಿಯದ ಲೆಕ್ಕ, ಹ್ಯಾವ್‌ಗೆ ಒಗ್ಗುತ್ತವೆ.

'ದಿಸ್ ಮಾರ್ನಿಂಗ್' ಮಜಾ ಇದೆ. ಬೆಳಿಗ್ಗೆ ಹತ್ತು ಗಂಟೆಗೆ ಕೇಳಿದರೆ 'ಹ್ಯಾವ್ ಯು ಸೀನ್ ಹಿಮ್ ದಿಸ್ ಮಾರ್ನಿಂಗ್' ಸರಿ. ಅದನ್ನೇ ಸಂಜೆ ಐದಕ್ಕೆ ಕೇಳಿದರೆ 'ಡಿಡ್ ಯು ಸೀ'. ಬೆಳಿಗ್ಗೆ ಮುಗಿದುಹೋಯಿತಲ್ಲ.

ನೆಕ್ಕರ್ ದಂಡೆ

ಜರ್ಮನಿಯಿಂದ ಒಂದು ಮಾತು. ಈ ತಪ್ಪು ನಮ್ಮವರದ್ದು ಮಾತ್ರ ಅಂದುಕೊಂಡು ಕುಗ್ಗಬೇಡಿ. ಜರ್ಮನ್ನಿನಲ್ಲಿ 'ನಾನು ಅವನನ್ನು ನಿನ್ನೆ ನೋಡಿದ್ದೇನೆ' ಅನ್ನೋದಕ್ಕೆ 'ಇಶ್ ಹಾಬೆ ಈನ್ ಗೆಸ್ಟರ್ನ್ ಗೆಸೇಎನ್'. ಪದ ಪದವಾಗಿ ಇಟ್ಟರೆ ಐ ಹ್ಯಾವ್ ಹಿಮ್ ಯೆಸ್ಟರ್‌ಡೇ ಸೀನ್! ಇಲ್ಲಿನವರಿಗೆ ಅದು ದಿನನಿತ್ಯದ ಮಾತು. ಫ್ರೆಂಚಿನಲ್ಲೂ ಹೀಗೇ, ಹ್ಯಾವ್ ಮತ್ತು ನಿನ್ನೆ ಜೊತೆಗೇ ಕೂರುತ್ತವೆ. ಹಾಗಾಗಿ ಇಲ್ಲಿನ ಸಹೋದ್ಯೋಗಿಗಳು ಇಂಗ್ಲಿಷ್ ಮಾತಾಡುವಾಗ ನಮ್ಮಂತೆಯೇ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಅನ್ನುತ್ತಾರೆ. ಹತ್ತು ವರ್ಷದಿಂದ ಇಲ್ಲಿದ್ದೇನೆ ಅನ್ನೋದಕ್ಕೂ ಜರ್ಮನ್ನಿನಲ್ಲಿ ವರ್ತಮಾನಕಾಲವೇ. ಅದಕ್ಕೇ 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಅವರ ಬಾಯಲ್ಲೂ ಕೇಳಿ ಕೇಳಿ ಸಾಕಾಗಿದೆ. ಗುಂಪಿನಲ್ಲಿ ಬೇರೆಯಾಗಿ ನಿಂತಿರುವುದು ಇಂಗ್ಲಿಷೇ, ನಾವಲ್ಲ.

ಕೆಂಪುಮಣ್ಣು

ಇದನ್ನು ತಂಗಿಗೆ ಓದಿ ಹೇಳಿದೆ, ಮುಖ ಅರಳಿತು. 'ಹಾಗಾದ್ರೆ ನಾನು ದಡ್ಡಿ ಅಲ್ಲ' ಅಂದಳು. ಸರಿ, ಈಗ ಅವಳದ್ದೇ ಪ್ರಶ್ನೆ: 'ಸಿನ್ಸ್ ಟೆನ್ ಇಯರ್ಸ್' ಯಾಕೆ ತಪ್ಪು, 'ಸಿನ್ಸ್ 2015' ಯಾಕೆ ಸರಿ? ಎರಡಕ್ಕೂ ಕನ್ನಡದಲ್ಲಿ 'ಇಂದ'ವೇ ಅಲ್ವಾ?

ನಿವೃತ್ತ ಮೇಷ್ಟ್ರು

ಮಗಳು ಸರಿಯಾದ ಜಾಗ ಹಿಡಿದಿದ್ದಾಳೆ. 'ಹತ್ತು ವರ್ಷದಿಂದ', '2015ರಿಂದ', ಎರಡಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನವರು ಅದನ್ನು ಎರಡಾಗಿ ಸೀಳಿದ್ದಾರೆ. ಶುರುವಾದ ಹೊತ್ತನ್ನು ಹೇಳಿದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2015, ಸಿನ್ಸ್ ಹಿಸ್ ಮ್ಯಾರೇಜ್. ಎಷ್ಟು ಕಾಲ ಅಂತ ಅಳತೆ ಹೇಳಿದರೆ ಫಾರ್: ಫಾರ್ ಟೆನ್ ಇಯರ್ಸ್, ಫಾರ್ ಎ ಲಾಂಗ್ ಟೈಮ್. 'ಯಾವಾಗಿನಿಂದ?' ಅಂತ ಕೇಳಿದರೆ ಸಿಗುವ ಉತ್ತರ ಸಿನ್ಸ್, 'ಎಷ್ಟು ದಿನದಿಂದ?' ಅಂತ ಕೇಳಿದರೆ ಸಿಗುವ ಉತ್ತರ ಫಾರ್.

ಕ್ರಿಯಾಪದವೂ ಬದಲಾಗಬೇಕು. ನಾವು 'ಕೆಲಸ ಮಾಡುತ್ತಿದ್ದೇನೆ' ಅನ್ನುತ್ತೇವೆ, ಅದನ್ನು ಹಾಗೇ ಎತ್ತಿಟ್ಟರೆ 'ಐ ಆಮ್ ವರ್ಕಿಂಗ್' ಆಗುತ್ತದೆ. ಆದರೆ ಆ ಕೆಲಸ ಹಿಂದೆ ಶುರುವಾಗಿ ಇಂದಿನವರೆಗೆ ಬಂದಿದೆ. ಹಿಂದಿನದನ್ನೂ ಇಂದಿನದನ್ನೂ ಒಟ್ಟಿಗೆ ಹಿಡಿಯಲು ಇಂಗ್ಲಿಷಿಗೆ ಪರ್ಫೆಕ್ಟ್ ಬೇಕೇ ಬೇಕು: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್'.

ಇನ್ನು ಚಾರ್ಟ್ ಮಡಿಸಿಡಿ ಅಂದಿರಲ್ಲ ಅಡ್ಡಗೆರೆಯವರೇ, ಅದು ನನಗೆ ಸರಿ ಕಾಣಲಿಲ್ಲ. ಹಳ್ಳಿ ಶಾಲೆಯಲ್ಲಿ ಐವತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದವರಿಗೆ ಗೊತ್ತು, ಹಿಡಿಯಲು ಒಂದು ಗೂಟ ಬೇಕು. ಚಾರ್ಟ್ ಆ ಗೂಟ. 'ಗೋ, ವೆಂಟ್, ಗಾನ್' ಬಾಯಿಪಾಠ ಇಲ್ಲದೆ ಯಾವ ವಿವರಣೆಯೂ ನಿಲ್ಲುವುದಿಲ್ಲ.

ಅಡ್ಡಗೆರೆ

ಮೇಷ್ಟ್ರೇ, ಗೋ ವೆಂಟ್ ಗಾನ್ ಬಾಯಿಪಾಠ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಹನ್ನೆರಡು ಖಾನೆಯ ಮೇಲೆ. ಆ ಹನ್ನೆರಡನ್ನೂ ಹನ್ನೆರಡು ಬೇರೆ ಬೇರೆ ವಸ್ತು ಅಂತ ಮಕ್ಕಳು ಉರು ಹೊಡೆಯುತ್ತಾರೆ. ನಿಜಕ್ಕೂ ಅಲ್ಲಿರುವುದು ಒಂದು ಸಣ್ಣ ಸರಪಳಿ. ಅದು ಗೊತ್ತಾದರೆ ಹನ್ನೆರಡೂ ತಾನಾಗೇ ಬರುತ್ತವೆ, ಪ್ಯಾಸಿವ್ ವಾಯ್ಸ್ ಕೂಡ ಅದರ ಜೊತೆಗೇ ಬರುತ್ತದೆ.

ಸರಪಳಿ ಹೀಗಿದೆ. ಮೊದಲು ಮೋಡಲ್. ಅವು ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶಾಲ್, ಶುಡ್, ವಿಲ್, ವುಡ್, ಮಸ್ಟ್. ಆಮೇಲೆ ಹ್ಯಾವ್. ಆಮೇಲೆ ಕಂಟಿನ್ಯುಯಸ್‌ನ ಬಿ. ಆಮೇಲೆ ಪ್ಯಾಸಿವ್‌ನ ಬಿ. ಕೊನೆಗೆ ಮುಖ್ಯ ಕ್ರಿಯಾಪದ. ಎಲ್ಲವೂ ಇರಲೇಬೇಕು ಅಂತಿಲ್ಲ, ಆದರೆ ಇದ್ದರೆ ಈ ಸಾಲಿನಲ್ಲೇ ಇರಬೇಕು. 'ಹ್ಯಾವ್ ಮೇ ಕಮ್' ಅಂತ ಯಾರೂ ಹೇಳೋದಿಲ್ಲ. ಪ್ರತಿಯೊಂದೂ ತನ್ನ ಮುಂದಿನದರ ರೂಪವನ್ನು ಗೊತ್ತುಮಾಡುತ್ತದೆ. ಮೋಡಲ್ ಮುಂದೆ ವಿ1, ಅಂದರೆ ಮೂಲ ರೂಪ. ಹ್ಯಾವ್ ಮುಂದೆ ವಿ3. ಕಂಟಿನ್ಯುಯಸ್‌ನ ಬಿ ಮುಂದೆ ಐಎನ್‌ಜಿ. ಪ್ಯಾಸಿವ್‌ನ ಬಿ ಮುಂದೆ ಮತ್ತೆ ವಿ3. ಟೆನ್ಸ್ ಬೀಳುವುದು ಮೊದಲನೆಯದರ ಮೇಲೆ ಮಾತ್ರ. ನೋಮ್ ಚಾಮ್‌ಸ್ಕಿ 1957ರಲ್ಲಿ ಪ್ಯಾಸಿವ್ ಬಿಟ್ಟು ಉಳಿದ ಈ ಕ್ರಮವನ್ನು ಒಂದೇ ಸಾಲಿನ ಸೂತ್ರದಲ್ಲಿ ಹಿಡಿದರು, ಇವತ್ತಿಗೂ ಭಾಷಾಶಾಸ್ತ್ರದ ಕ್ಲಾಸಿನಲ್ಲಿ ಅದನ್ನು ತೋರಿಸುತ್ತಾರೆ.

'ದ ಬ್ರಿಡ್ಜ್ ಮೇ ಹ್ಯಾವ್ ಬೀನ್ ಬಿಲ್ಟ್' ತಗೊಳ್ಳಿ. ಮೇ ಮುಂದೆ ಹ್ಯಾವ್, ಹ್ಯಾಸ್ ಅಲ್ಲ. ಹ್ಯಾವ್ ಮುಂದೆ ಬೀನ್, ಅದು ಬಿ ಪದದ ವಿ3. ಪ್ಯಾಸಿವ್ ಬಿ ಮುಂದೆ ಬಿಲ್ಟ್, ವಿ3. ಈಗ ಅದನ್ನೇ ಕನ್ನಡದಲ್ಲಿ ಹೇಳಿ: ಸೇತುವೆ ಕಟ್ಟಲಾಗಿರಬಹುದು. ಬಿಡಿಸಿ: ಕಟ್ಟಲ್, ಆಗಿ, ಇರ, ಬಹುದು. ಬಿಲ್ಟ್, ಬೀನ್, ಹ್ಯಾವ್, ಮೇ! ಅದೇ ನಾಲ್ಕು ತುಂಡು, ಬಲದಿಂದ ಎಡಕ್ಕೆ ಓದಿದ ಹಾಗೆ. ಬಂದಿರಬಹುದು, ಮೇ ಹ್ಯಾವ್ ಕಮ್. ಬಂದಿರಬೇಕು, ಮಸ್ಟ್ ಹ್ಯಾವ್ ಕಮ್. ಬರುತ್ತಿರಬಹುದು, ಮೇ ಬಿ ಕಮಿಂಗ್. ಉದ್ದ ಕ್ರಿಯಾಪದ ಕಂಡರೆ ಬಾಲದಿಂದ ಬಿಡಿಸುತ್ತಾ ಬನ್ನಿ, ಇಂಗ್ಲಿಷ್ ತಾನಾಗಿ ಸಾಲಾಗಿ ನಿಲ್ಲುತ್ತದೆ.

ರಾತ್ರಿಪಾಳಿ

ಕಟ್ಟಲಾಗಿರಬಹುದು ತಲೆ ತಿರುಗಿಸಿತು. ಇಷ್ಟು ವರ್ಷ ಕನ್ನಡ ಮಾತಾಡುತ್ತಾ ಇದನ್ನು ಗಮನಿಸಿಯೇ ಇರಲಿಲ್ಲ.

ನನ್ನದೊಂದು ಡೌಟು. ಅಮೆರಿಕದ ಕ್ಲೈಂಟ್‌ಗಳು ಕಾಲ್‌ನಲ್ಲಿ 'ಡಿಡ್ ಯು ಈಟ್ ಯೆಟ್', 'ಐ ಆಲ್ರೆಡಿ ಸೆಂಟ್ ಇಟ್' ಅಂತಾರೆ. ಯೆಟ್, ಆಲ್ರೆಡಿ ಇದ್ದರೆ ಹ್ಯಾವ್ ಅಂದಿರಿ. ಹಾಗಾದರೆ ಅವರು ತಪ್ಪಾ?

ನೆಕ್ಕರ್ ದಂಡೆ

ತಪ್ಪಲ್ಲ, ಅಮೆರಿಕದ ಆಡುಮಾತಿನಲ್ಲಿ ಜಸ್ಟ್, ಆಲ್ರೆಡಿ, ಯೆಟ್ ಜೊತೆ ಸಿಂಪಲ್ ಪಾಸ್ಟ್ ಸಲೀಸಾಗಿ ನಡೆಯುತ್ತದೆ. ಬ್ರಿಟಿಷರು ಅಲ್ಲಿ ಹೆಚ್ಚಾಗಿ ಹ್ಯಾವ್ ಬಳಸುತ್ತಾರೆ. ನಮ್ಮ ಪರೀಕ್ಷೆಗಳು ಬ್ರಿಟಿಷ್ ದಾರಿಯಲ್ಲೇ ಇವೆ. ತಂಗಿ ಪರೀಕ್ಷೆಯಲ್ಲಿ ಹ್ಯಾವ್ ಬರೆಯಲಿ, ಕೆಲಸ ಸಿಕ್ಕಿದ ಮೇಲೆ ಹೇಗೆ ಬೇಕಾದರೂ ಮಾತಾಡಲಿ.

ಗಿರಮಿಟ್

'ಹ್ಯಾಡ್' ಬಗ್ಗೆ ಯಾರೂ ಬಾಯಿ ಬಿಡವಲ್ಲರಿ. ನಮ್ಮ ಕಡೆ ಎಲ್ಲಾದಕ್ಕೂ ಹ್ಯಾಡ್. 'ಐ ಹ್ಯಾಡ್ ಗಾನ್ ಟು ಬೆಳಗಾವಿ ಯೆಸ್ಟರ್‌ಡೇ.' 'ಐ ಹ್ಯಾಡ್ ಟೋಲ್ಡ್ ಯು.' ಹ್ಯಾಡ್ ಹಾಕಿದ್ರ ಇಂಗ್ಲಿಷಿಗೆ ಒಂದು ತೂಕ ಬರತೈತಿ ಅಂತ ನಂಬಿಕಿ.

ಅಡ್ಡಗೆರೆ

ತೂಕಕ್ಕಲ್ಲ, ಅದು ನೇರವಾಗಿ ಕನ್ನಡದಿಂದ ಬಂದಿದ್ದು. 'ನಿನ್ನೆ ಬೆಳಗಾವಿಗೆ ಹೋಗಿದ್ದೆ', 'ನಿನಗೆ ಹೇಳಿದ್ದೆನಲ್ಲ'. ಹೋಗಿ ಬಂದಾಯಿತು, ಆ ಪ್ರಸಂಗ ಹಿಂದೆ ಉಳಿಯಿತು ಅನ್ನೋದನ್ನು ನಾವು 'ಇದ್ದೆ' ಹಾಕಿ ಹೇಳುತ್ತೇವೆ. ಅದಕ್ಕೆ ಇನ್ನೊಂದು ಘಟನೆಯ ಜೊತೆ ಬೇಕಾಗಿಲ್ಲ. ಇಂಗ್ಲಿಷಿನ ಹ್ಯಾಡ್ ಒಂಟಿಯಾಗಿ ನಿಲ್ಲೋದಿಲ್ಲ. ಹಿಂದೆ ನಡೆದ ಎರಡು ಸಂಗತಿ ಇರಬೇಕು, ಅದರಲ್ಲಿ ಇನ್ನೂ ಹಿಂದಿನದಕ್ಕೆ ಹ್ಯಾಡ್.

'ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.' ನಾವು ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು, ಬಾಲವೂ ಕಾಣಲಿಲ್ಲ. ಹ್ಯಾಡ್ ತೆಗೆದು 'ದ ಟ್ರೈನ್ ಲೆಫ್ಟ್' ಅಂದರೆ ನಾವು ಕಾಲಿಡುವ ಹೊತ್ತಿಗೆ ಸರಿಯಾಗಿ ಕಣ್ಣೆದುರೇ ಹೊರಟಿತು ಅಂತ ಆಗುತ್ತದೆ. ಒಂದು ಪದಕ್ಕೆ ಎಷ್ಟು ವ್ಯತ್ಯಾಸ ನೋಡಿ. ಬರೀ 'ನಿನ್ನೆ ಬೆಳಗಾವಿಗೆ ಹೋಗಿದ್ದೆ' ಅನ್ನೋದಾದರೆ 'ಐ ವೆಂಟ್ ಟು ಬೆಳಗಾವಿ ಯೆಸ್ಟರ್‌ಡೇ', ಅಷ್ಟೇ ಸಾಕು. ಬಿಫೋರ್, ಆಫ್ಟರ್ ಇದ್ದರೆ ಯಾವುದು ಮೊದಲು ಅಂತ ಆ ಪದವೇ ಹೇಳುತ್ತದೆ, ಹ್ಯಾಡ್ ಇರದಿದ್ದರೂ ನಡೆಯುತ್ತದೆ.

ಕೆಂಪುಮಣ್ಣು

'ಹ್ಯಾಡ್ ಹ್ಯಾಡ್' ಅಂತ ಎರಡು ಸಲ ಬರುತ್ತಲ್ಲ, ಅದು ಪ್ರಿಂಟ್ ಮಿಸ್ಟೇಕ್ ಅಂದುಕೊಂಡು ಅವಳು ಒಂದನ್ನು ಹೊಡೆದುಹಾಕಿದ್ದಾಳೆ!

ನಿವೃತ್ತ ಮೇಷ್ಟ್ರು

ಹೊಡೆದುಹಾಕದವರು ಕಡಿಮೆ. ಮೊದಲ ಹ್ಯಾಡ್ ಹೆಲ್ಪಿಂಗ್ ವರ್ಬ್, ಎರಡನೆಯದು 'ಹ್ಯಾವ್' ಅನ್ನುವ ಮುಖ್ಯ ಕ್ರಿಯಾಪದದ ವಿ3. 'ಶಿ ಹ್ಯಾಡ್ ಹ್ಯಾಡ್ ಫೀವರ್ ಬಿಫೋರ್ ದ ಎಕ್ಸಾಮ್' ಅಂದರೆ ಪರೀಕ್ಷೆಗೆ ಮೊದಲು ಜ್ವರ ಬಂದಿತ್ತು. ಮುಖ್ಯ ಕ್ರಿಯಾಪದವನ್ನು 'ಈಟ್'ಗೆ ಬದಲಾಯಿಸಿ ನೋಡಲಿ: 'ಹ್ಯಾಡ್ ಈಟನ್'. ಈಟನ್ ಇದ್ದ ಜಾಗದಲ್ಲಿ ಈಗ ಹ್ಯಾಡ್ ಕೂತಿದೆ, ಅಷ್ಟೇ.

ಡು, ಹ್ಯಾವ್, ಬಿ, ಈ ಮೂರೂ ಎರಡು ವೇಷ ಹಾಕುತ್ತವೆ. ಒಮ್ಮೆ ಸಹಾಯಕ್ಕೆ ಬರುತ್ತವೆ, ಒಮ್ಮೆ ತಾವೇ ಯಜಮಾನ. 'ಐ ಡು ಮೈ ವರ್ಕ್' ಅನ್ನುವಾಗ ಡು ಯಜಮಾನ. 'ಡು ಯು ಡು ಯುವರ್ ವರ್ಕ್' ಅನ್ನುವಾಗ ಮೊದಲನೆಯದು ಸಹಾಯಕ. ಪ್ರಶ್ನೆ ಕೇಳಲು, ನಾಟ್ ಹಾಕಲು ಇಂಗ್ಲಿಷಿಗೆ ಒಬ್ಬ ಸಹಾಯಕ ಬೇಕು. ಈಗಾಗಲೇ ಒಬ್ಬ ಇದ್ದರೆ ಅವನನ್ನೇ ಮುಂದೆ ತಂದರಾಯಿತು: 'ಹ್ಯಾವ್ ಯು ಸೀನ್'. ಯಾರೂ ಇಲ್ಲದಿದ್ದರೆ ಡು ಬಂದು ನಿಲ್ಲುತ್ತದೆ. 'ಡಿಡ್ ಯು ವೆಂಟ್' ತಪ್ಪಾಗುವುದು ಅದಕ್ಕೇ. ಭೂತಕಾಲವನ್ನು ಡಿಡ್ ಆಗಲೇ ಹೊತ್ತಾಗಿದೆ, ಮತ್ತೆ ವೆಂಟ್ ಮೇಲೂ ಹೇರಬಾರದು.

ಕಡಲ ತಡಿ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ 'ಅಲ್ವಾ' ಎಲ್ಲ ವಾಕ್ಯದ ಕೊನೆಗೂ ಒಗ್ಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲೂ ಎಲ್ಲ ಕಡೆ 'ಇಸಂಟ್ ಇಟ್' ಅಂಟಿಸುತ್ತೇವೆ. 'ಯು ಹ್ಯಾವ್ ಸೀನ್ ಇಟ್, ಇಸಂಟ್ ಇಟ್?' ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕು ಹೋಗುತ್ತದೆ. ವಾಕ್ಯದಲ್ಲಿ ಯಾವ ಹೆಲ್ಪಿಂಗ್ ವರ್ಬ್ ಉಂಟೋ ಅದೇ ಬಾಲದಲ್ಲಿ ಬರಬೇಕು: 'ಹ್ಯಾವಂಟ್ ಯು?'

ಮತ್ತೆ 'ಹೋಗಿದ್ದೇನೆ'. ಎದುರಿಗೆ ನಿಂತುಕೊಂಡು 'ಐ ಹ್ಯಾವ್ ಗಾನ್ ಟು ಕೊಲ್ಲೂರು' ಅನ್ನುವವರು ಇದ್ದಾರೆ. ಗಾನ್ ಅಂದರೆ ಹೋದವರು ಇನ್ನೂ ಅಲ್ಲೇ ಇದ್ದಾರೆ. ಹೋಗಿ ಬಂದಿದ್ದರೆ 'ಐ ಹ್ಯಾವ್ ಬೀನ್ ಟು ಕೊಲ್ಲೂರು'. ಕನ್ನಡದಲ್ಲಿ 'ಹೋಗಿದ್ದಾರೆ', 'ಹೋಗಿ ಬಂದಿದ್ದಾರೆ' ಅಂತ ಎರಡು ಹೇಳುತ್ತೇವಲ್ಲ, ಅದೇ.

ನೆಕ್ಕರ್ ದಂಡೆ

ಇನ್ನೊಂದು ಚೆಂದದ ವ್ಯತ್ಯಾಸ ಇದೆ. ಕುವೆಂಪು 1994ರಲ್ಲಿ ತೀರಿಕೊಂಡರು. ಆದರೂ ನಾವು 'ಕುವೆಂಪು ಎರಡು ದೊಡ್ಡ ಕಾದಂಬರಿ ಬರೆದಿದ್ದಾರೆ' ಅಂತ ಇವತ್ತಿಗೂ ಹೇಳುತ್ತೇವೆ, ಕಿವಿಗೆ ಏನೂ ಚುಚ್ಚೋದಿಲ್ಲ. ಅದನ್ನೇ 'ಕುವೆಂಪು ಹ್ಯಾಸ್ ರಿಟನ್ ಟೂ ನಾವೆಲ್ಸ್' ಅಂದರೆ ಇಂಗ್ಲಿಷಿನವರಿಗೆ ಅವರು ಇನ್ನೂ ಬದುಕಿದ್ದಾರೆ, ಮೂರನೆಯದು ಬಂದರೂ ಬರಬಹುದು ಅನ್ನಿಸುತ್ತದೆ. ಅಲ್ಲಿ 'ರೋಟ್' ಅನ್ನಬೇಕು. ಬಾನು ಮುಷ್ತಾಕ್ ಅವರ ಬಗ್ಗೆ 'ಹ್ಯಾಸ್ ವನ್ ದ ಇಂಟರ್‌ನ್ಯಾಷನಲ್ ಬೂಕರ್' ಸರಿ. ಆದರೆ 'ಇನ್ 2025' ಅಂತ ಸೇರಿಸಿದ ತಕ್ಷಣ ಹ್ಯಾಸ್ ಬಿದ್ದುಹೋಗುತ್ತದೆ, ಬರೀ 'ವನ್'.

ಪತ್ರಿಕೆ ಓದುವಾಗ ತಂಗಿಗೆ ಇದನ್ನು ಗಮನಿಸಲು ಹೇಳಿ. ಸುದ್ದಿಯ ಮೊದಲ ಸಾಲಿನಲ್ಲಿ 'ದ ಗವರ್ನಮೆಂಟ್ ಹ್ಯಾಸ್ ಡಿಸೈಡೆಡ್', ಮುಂದಿನ ಸಾಲಿನಲ್ಲಿ 'ದ ಮಿನಿಸ್ಟರ್ ಟೋಲ್ಡ್ ರಿಪೋರ್ಟರ್ಸ್ ಆನ್ ಮಂಡೇ'. ಸುದ್ದಿ ಮುಟ್ಟಿಸುವಾಗ ಹ್ಯಾಸ್, ದಿನ ಸಮೇತ ವಿವರಕ್ಕೆ ಇಳಿದಾಗ ಪಾಸ್ಟ್.

ರಾತ್ರಿಪಾಳಿ

ಒಂದು ಪ್ರಶ್ನೆ ಕೇಳಿಬಿಡುತ್ತೇನೆ, ದಡ್ಡ ಪ್ರಶ್ನೆ ಇರಬಹುದು. ಹ್ಯಾವ್ ಅಂದರೆ 'ನನ್ನ ಹತ್ತಿರ ಇದೆ' ಅಂತ. ಅದು ಹೇಗೆ 'ಇದ್ದೇನೆ' ಆಯಿತು? ಬರೆಯೋದಕ್ಕೂ ಹತ್ತಿರ ಇರೋದಕ್ಕೂ ಏನು ಸಂಬಂಧ?

ಅಡ್ಡಗೆರೆ

ದಡ್ಡ ಪ್ರಶ್ನೆ ಅಲ್ಲ, ಇಲ್ಲಿವರೆಗೆ ಬಂದವುಗಳಲ್ಲಿ ಒಳ್ಳೆಯ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಅದು ನಿಜವಾಗಲೂ 'ನನ್ನ ಹತ್ತಿರ ಬರೆದ ಪತ್ರ ಇದೆ' ಅಂತಲೇ ಶುರುವಾಗಿದ್ದು. ಹತ್ತಿರ ಇರುವುದು ಪತ್ರ, ಅದು ಎಂಥದ್ದು ಅಂದರೆ ಬರೆದದ್ದು. ಬರೆದ ಪತ್ರ ನನ್ನ ಹತ್ತಿರ ಇದೆ ಅಂದರೆ ಹೆಚ್ಚಾಗಿ ಬರೆದವನು ನಾನೇ. ಹಾಗೆ ಮೆಲ್ಲಗೆ ಅರ್ಥ ಜಾರಿ 'ನಾನು ಪತ್ರ ಬರೆದಿದ್ದೇನೆ' ಆಯಿತು. 'ಐ ಹ್ಯಾವ್ ದ ಲೆಟರ್ ರಿಟನ್' ಅನ್ನೋದರಲ್ಲಿ ಆ ಹಳೆಯ ಜೋಡಣೆ ಇನ್ನೂ ಕಾಣುತ್ತದೆ.

ಆದರೆ ಬರು, ಹೋಗು ಇಂಥ ಪದಗಳಲ್ಲಿ ಹತ್ತಿರ ಇಟ್ಟುಕೊಳ್ಳಲು ಏನೂ ಇಲ್ಲ. ಅಲ್ಲಿ ಇಂಗ್ಲಿಷಿನವರೂ ನಮ್ಮ ಹಾಗೆ 'ಇರು' ಬಳಸುತ್ತಿದ್ದರು. 'ಹಿ ಈಸ್ ಕಮ್', ಅಂದರೆ ಬಂದಿದ್ದಾನೆ, ಒಂದಕ್ಷರ ಆಚೀಚೆ ಇಲ್ಲ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ 'ಹಿ ಈಸ್ ರಿಸನ್' ಅಂತಿದೆ, ಈಸ್ಟರ್ ದಿನ ಚರ್ಚುಗಳಲ್ಲಿ ಈಗಲೂ ಹಾಗೇ ಹೇಳುತ್ತಾರೆ. 'ಹಿ ಈಸ್ ಗಾನ್' ಅದೇ ಕಾಲದ ಉಳಿಕೆ. ನಿಧಾನವಾಗಿ ಹ್ಯಾವ್ ಎಲ್ಲಾ ಜಾಗ ಆಕ್ರಮಿಸಿತು. ಜರ್ಮನ್ನಿನಲ್ಲಿ ಎರಡೂ ಉಳಿದಿವೆ ಅಲ್ವಾ @ನೆಕ್ಕರ್ ದಂಡೆ? ಕನ್ನಡದಲ್ಲಿ 'ಹ್ಯಾವ್' ಅನ್ನುವ ಕ್ರಿಯಾಪದವೇ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ದುಡ್ಡಿದೆ, ಎಲ್ಲಾ 'ಇರು'. ಪರ್ಫೆಕ್ಟ್‌ಗೂ ಅದೊಂದೇ. ನಮ್ಮದು ಸರಳ.

ನೆಕ್ಕರ್ ದಂಡೆ

ಹೌದು, 'ಇಶ್ ಬಿನ್ ಗೆಕೊಮ್ಮನ್', ನಾನು ಬಂದಿದ್ದೇನೆ. ಯಾವುದಕ್ಕೆ ಹಾಬೆ, ಯಾವುದಕ್ಕೆ ಬಿನ್ ಅಂತ ಇಲ್ಲಿ ಭಾಷೆ ಕಲಿಯಲು ಬಂದವರು ಕಣ್ಣೀರು ಹಾಕುತ್ತಾರೆ. ಇಂಗ್ಲಿಷ್ ಕಲಿಯುವವರು ಬಚಾವ್.

ಕೆಂಪುಮಣ್ಣು

ತಂಗಿ ಈಗ ಪಕ್ಕದಲ್ಲೇ ಕೂತಿದ್ದಾಳೆ. ಅವಳ ಕೊನೇ ಎರಡು ಪ್ರಶ್ನೆ. ಒಂದು, 'ಹಿ'ಸ್' ಅಂತ ಮೇಲೊಂದು ಚುಕ್ಕೆ ಹಾಕಿ ಬರೆದಿದ್ದರೆ ಅದು ಈಸ್ ಆ, ಹ್ಯಾಸ್ ಆ? ಎರಡು, ಫ್ಯೂಚರ್ ಪರ್ಫೆಕ್ಟ್ ನಿಜ ಜೀವನದಲ್ಲಿ ಯಾರಾದರೂ ಬಳಸುತ್ತಾರಾ?